ಎರಡನೇ ಸಲ ಕಣಕ್ಕಿಳಿದ ಖಾಶಾಬಾ

ಈ ಸಲ ನಮ್ಮ ಕನ್ನಡ ಸಂಘದ ಪತ್ರಿಕೆಗೆ ಏನು ಬರೆಯೋದು ಅಂತ ನಾವು ನಾಲ್ಕು ಮಂದಿ ಕೂತಾಗ ಕೈಯಲ್ಲಿ ಇದ್ದದ್ದು ಒಂದು ಇಂಗ್ಲಿಷ್ ಕಾದಂಬರಿ. ಹಾಸ್ಟೆಲ್ ತುಂಬ ಓಡಾಡಿ ಅದರ ರಟ್ಟೇ ಕಿತ್ತುಹೋಗಿತ್ತು. ಕಥೆ ನಿಮಗೂ ಗೊತ್ತಿರೋ ಥರದ್ದೇ. ಒಬ್ಬ ಆಟಗಾರ, ಅವನಿಗೊಂದು ದೊಡ್ಡ ಗಾಯ. ಇವನ ಆಟ ಮುಗೀತು ಅಂತ ಎಲ್ಲರೂ ಕೈ ಬಿಟ್ಟಾಗ ಒಬ್ಬ ಹುಡುಗಿ ನಂಬ್ತಾಳೆ. ಕೊನೆಗೆ ಗಾಯ ಮಾಯ್ತದೆ, ಕಪ್ಪು ಸಿಗ್ತದೆ, ಹುಡುಗಿಯೂ ಸಿಗ್ತಾಳೆ.

ನಮ್ಮೊಳಗೆ ಬಬಲೇಶ್ವರ ಕಡೆಯ ಗೆಳೆಯ ಒಬ್ಬನಿದ್ದಾನೆ. ಚಿಕ್ಕಂದಿನಿಂದ ಗರಡಿಮನೆಯಲ್ಲಿ ಬೆಳೆದವನು. ಹೋದ ವರ್ಷ ಮೊಣಕಾಲಿನ ಲಿಗಮೆಂಟ್ ಹರಿದು ಕುಸ್ತಿ ನಿಂತಿತು. ಆಸ್ಪತ್ರೆ ಓಡಾಟದಲ್ಲಿ ಎರಡು ಸಬ್ಜೆಕ್ಟೂ ಉಳಿದವು. ಅವನೂ ಆ ಪುಸ್ತಕ ಓದಿದ, ನಕ್ಕು ಪಕ್ಕಕ್ಕಿಟ್ಟ. ಕಾದಂಬರಿಯಲ್ಲಿ ಎರಡನೇ ಅವಕಾಶ ಕೊನೇ ಚಾಪ್ಟರಿಗೆ ಕರೆಕ್ಟಾಗಿ ಬರ್ತದೆ, ನಿಜವಾಗಿ ಹಂಗೆ ಯಾರಿಗೆ ಬಂದದೆ ಅನ್ನೋದು ಅವನ ಪ್ರಶ್ನೆ. ಉತ್ತರ ಹುಡುಕ್ತಾ ಹೋದ ನಮಗೆ ಸಿಕ್ಕಿದ್ದು ಖಾಶಾಬಾ ದಾದಾಸಾಹೇಬ ಜಾಧವ್ ಅವರ ಜೀವನ.

ವಿಜಯಪುರದಿಂದ ತಿಕೋಟಾ ರಸ್ತೆ ಹಿಡಿದು ಅಥಣಿ, ಮಿರಜ ದಾಟಿದರೆ ಕೊಲ್ಹಾಪುರ. ಇಂಜಿನಿಯರಿಂಗ್ ಮುಗಿಸಿದ ನಮಗೆ ಬೆಂಗಳೂರು ಹೆಂಗೋ, ನಮ್ಮ ಕಡೆ ಪೈಲ್ವಾನರಿಗೆ ಕೊಲ್ಹಾಪುರ ಹಂಗೆ. ಶಾಹು ಮಹಾರಾಜರು ಕಟ್ಟಿಸಿದ ಖಾಸಬಾಗ್ ಕುಸ್ತಿ ಮೈದಾನ ಇರೋದು ಅಲ್ಲೇ. ಖಾಶಾಬಾ ಹುಟ್ಟಿದ್ದು 1926ರ ಜನವರಿ 15ರಂದು, ಸಾತಾರಾ ಜಿಲ್ಲೆಯ ಕರಾಡ ಹತ್ತಿರದ ಗೋಳೇಶ್ವರ ಅನ್ನೋ ಹಳ್ಳಿಯಲ್ಲಿ. ಐದು ಗಂಡುಮಕ್ಕಳಲ್ಲಿ ಇವರೇ ಕಿರಿಯರು. ತಂದೆಯೂ ಪೈಲ್ವಾನರು, ಹಾಗಾಗಿ ಐದನೇ ವಯಸ್ಸಿಗೇ ಮಗನ ಮೈಗೆ ಕಣದ ಕೆಂಪು ಮಣ್ಣು ಹತ್ತಿತು. ಆಳು ಗಿಡ್ಡ, ಆದ್ರೆ ಚುರುಕು ಅಂದ್ರೆ ಚುರುಕು. ಎದುರಾಳಿಯ ತಲೆಯನ್ನ ತೋಳಿನಲ್ಲಿ ಲಾಕ್ ಮಾಡಿ ನೆಲಕ್ಕೆ ಎಸೆಯೋ ಢಾಕ್ ಅನ್ನೋ ಪಟ್ಟಿನಲ್ಲಿ ಅವರದು ಎತ್ತಿದ ಕೈ. ಓದಿನಲ್ಲೂ ಹಿಂದೆ ಬೀಳಲಿಲ್ಲ. ಕರಾಡದಲ್ಲಿ ಹೈಸ್ಕೂಲು ಮುಗಿಸಿ ಕೊಲ್ಹಾಪುರದ ರಾಜಾರಾಮ ಕಾಲೇಜು ಸೇರಿದರು. ನಮ್ಮ ಹಾಗೇ ಕಾಲೇಜು ಹುಡುಗ ಅನ್ನೋದನ್ನ ಇಲ್ಲಿ ನೆನಪಿಟ್ಟುಕೊಳ್ಳಿ.

1948ರ ಲಂಡನ್ ಒಲಿಂಪಿಕ್ಸಿಗೆ ಹೋದಾಗ ಅವರಿಗೆ 22 ವರ್ಷ. ಖರ್ಚಿಗೆ ನೆರವಾದವರು ಕೊಲ್ಹಾಪುರದ ಮಹಾರಾಜರು. ಅಲ್ಲಿಯವರೆಗೆ ಆಡಿದ್ದೆಲ್ಲ ಮಣ್ಣಿನ ಮೇಲೆ, ಲಂಡನ್ನಿನಲ್ಲಿ ಮ್ಯಾಟ್. ಮಣ್ಣಿನಲ್ಲಿ ಕಾಲು ಊರ್ತದೆ, ಮ್ಯಾಟಿನ ಮೇಲೆ ಜಾರ್ತದೆ. ಪಾಯಿಂಟ್ಸ್ ಲೆಕ್ಕ, ಟೈಮ್ ಲೆಕ್ಕ ಎಲ್ಲವೂ ಹೊಸದು. ಸಿಲೆಬಸ್ಸೇ ಗೊತ್ತಿಲ್ಲದೆ ಪರೀಕ್ಷೆಗೆ ಕೂತ ಹಾಗೆ. ಅಂಥದ್ರಲ್ಲೂ ಫ್ಲೈವೇಟ್ ವಿಭಾಗದಲ್ಲಿ ಆಸ್ಟ್ರೇಲಿಯಾ, ಅಮೆರಿಕದ ಪೈಲ್ವಾನರನ್ನ ಸೋಲಿಸಿದರು, ಇರಾನಿನ ಮನ್ಸೂರ್ ರಯೀಸಿಗೆ ಸೋತರು, ಆರನೇ ಸ್ಥಾನಕ್ಕೆ ನಿಂತರು. ಮೊದಲ ಸಲಕ್ಕೆ ಇದು ಸಣ್ಣ ಸಾಧನೆ ಅಲ್ಲ. ಆದರೆ ಖಾಶಾಬಾ ಅದನ್ನ ಸೋಲು ಅಂತಲೇ ಎಣಿಸಿದರು. ಊರಿಗೆ ಬಂದು ನಾಲ್ಕು ವರ್ಷ ಮೈ ಮುರಿದು ತಯಾರಿ ಮಾಡಿದರು. 52 ಕೆಜಿಯಿಂದ 57 ಕೆಜಿಯ ಬ್ಯಾಂಟಮ್‌ವೇಟ್ ವಿಭಾಗಕ್ಕೆ ಏರಿದರು.

1952ರ ಹೆಲ್ಸಿಂಕಿ ಒಲಿಂಪಿಕ್ಸಿಗೆ ಆಯ್ಕೆ ನಡೆಯೋವಾಗ ಮದ್ರಾಸಿನ ಪಂದ್ಯದಲ್ಲಿ ಒಂದೇ ಒಂದು ಪಾಯಿಂಟಿನಿಂದ ಸೋಲು ಬಂತು. ಆ ಪಾಯಿಂಟ್ ಕೊಟ್ಟಿದ್ದರಲ್ಲಿ ಪಕ್ಷಪಾತ ಇದೆ ಅನ್ನೋದು ಖಾಶಾಬಾ ಅವರ ದೂರು. ಬೇರೆ ಯಾರಾದರೂ ಆಗಿದ್ದರೆ ಹಣೆಬರಹ ಅಂದು ಊರ ಬಸ್ಸು ಹತ್ತುತ್ತಿದ್ದರು. ಇವರು ನೇರವಾಗಿ ಪಟಿಯಾಲದ ಮಹಾರಾಜರಿಗೆ ದೂರು ಕೊಟ್ಟು ನ್ಯಾಯ ಕೇಳಿದರು. ಆಟದ ಮೇಲೆ ಪ್ರೀತಿ ಇದ್ದ ಮಹಾರಾಜರು ಅದೇ ಎದುರಾಳಿಯ ಜೊತೆ ಇನ್ನೊಂದು ಕುಸ್ತಿ ಇಡಿಸಿದರು. ಖಾಶಾಬಾ ಅವನನ್ನ ಚಿತ್ ಮಾಡಿ ಟಿಕೆಟ್ ಗಿಟ್ಟಿಸಿಕೊಂಡರು. ಅಂದ್ರೆ ಎರಡನೇ ಅವಕಾಶ ತಾನಾಗೇ ಬರಲಿಲ್ಲ, ಕೇಳಿ ಪಡೆದದ್ದು. ಇದನ್ನ ಹೇಳಿದಾಗ ನಮ್ಮ ಗೆಳೆಯ ಮೊದಲ ಸಲ ಮೊಬೈಲ್ ಕೆಳಗಿಟ್ಟು ಕೇಳಿದ.

ಆಯ್ಕೆ ಏನೋ ಆಯಿತು, ಫಿನ್‌ಲ್ಯಾಂಡಿಗೆ ಹೋಗೋಕೆ ದುಡ್ಡು ಎಲ್ಲಿ? ಗೋಳೇಶ್ವರದ ಜನ ಕೈಲಾದಷ್ಟು ಪಟ್ಟಿ ಎತ್ತಿದರು, ಸಾಲಲಿಲ್ಲ. ಆಗ ರಾಜಾರಾಮ ಕಾಲೇಜಿನ ಪ್ರಿನ್ಸಿಪಾಲ್ ಖರ್ಡೇಕರ್ ಅವರು ತಮ್ಮ ಮನೆಯನ್ನೇ ಅಡವಿಟ್ಟು 7,000 ರೂಪಾಯಿ ತಂದುಕೊಟ್ಟರು. ಈ ಸಾಲನ್ನ ನಾವು ಎರಡೆರಡು ಸಲ ಓದಿದೆವು. ಅಟೆಂಡೆನ್ಸ್ ಕಮ್ಮಿ ಆದರೆ ಪ್ರಿನ್ಸಿಪಾಲ್ ಚೇಂಬರಿನ ಮುಂದೆ ಬೆವರೋ ನಮಗೆ, ವಿದ್ಯಾರ್ಥಿಗೋಸ್ಕರ ಮನೆ ಪಣಕ್ಕಿಟ್ಟ ಪ್ರಿನ್ಸಿಪಾಲರು ಕಣ್ಣ ಮುಂದೆ ಬರೋದೇ ಕಷ್ಟ. ಕಾದಂಬರಿಯ ಹುಡುಗಿ ನಾಯಕನ ಮೇಲೆ ಇಟ್ಟ ನಂಬಿಕೆಗಿಂತ ಇದೇನು ಕಮ್ಮಿ? ನಮ್ಮ ಪ್ರಕಾರ ಖಾಶಾಬಾ ಅವರ ಕಥೆಯ ನಿಜವಾದ ಪ್ರೇಮ ಪ್ರಕರಣ ಇದೇ.

ಹೆಲ್ಸಿಂಕಿಯಲ್ಲಿ ಕೆನಡಾ, ಮೆಕ್ಸಿಕೋ ಪೈಲ್ವಾನರನ್ನ ಸೋಲಿಸಿ ಮುಂದೆ ಹೋದರು. ಕೊನೆಯ ಹಂತದಲ್ಲಿ ಎದುರಿಗೆ ಬಂದವರು ಜಪಾನಿನ ಶೋಹಾಚಿ ಇಶಿಯಿ ಮತ್ತು ಸೋವಿಯತ್ ಒಕ್ಕೂಟದ ರಶೀದ್ ಮಮ್ಮದ್‌ಬೆಯೋವ್. ಎರಡು ಕುಸ್ತಿಗಳ ನಡುವೆ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕು ಅಂತ ನಿಯಮವೇ ಇತ್ತು. ಆದರೆ ಒಂದು ಮುಗಿದ ಕೂಡಲೇ ಇನ್ನೊಂದಕ್ಕೆ ಕರೆದರು. ನಿಯಮ ತೋರಿಸಿ ವಾದ ಮಾಡೋಕೆ ನಮ್ಮ ದೇಶದ ಒಬ್ಬ ಅಧಿಕಾರಿಯೂ ಅಲ್ಲಿರಲಿಲ್ಲ. ದಣಿದ ಮೈಯಲ್ಲೇ ಇಳಿದರು, ಸೋತರು. ಇಶಿಯಿಗೆ ಚಿನ್ನ, ಮಮ್ಮದ್‌ಬೆಯೋವ್‌ಗೆ ಬೆಳ್ಳಿ, ಖಾಶಾಬಾಗೆ ಕಂಚು. ತಾರೀಖು 1952ರ ಜುಲೈ 23. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಟಗಾರ ಗೆದ್ದು ತಂದ ಮೊದಲ ಒಲಿಂಪಿಕ್ ಪದಕ ಅದು. ಅಂಥದ್ದು ಇನ್ನೊಂದು ಬರೋಕೆ 1996ರಲ್ಲಿ ಲಿಯಾಂಡರ್ ಪೇಸ್ ಗೆಲ್ಲೋವರೆಗೆ, ಅಂದ್ರೆ 44 ವರ್ಷ ಕಾಯಬೇಕಾಯಿತು.

ಊರಲ್ಲಿ ನೂರಕ್ಕೂ ಹೆಚ್ಚು ಎತ್ತಿನ ಗಾಡಿ ಕಟ್ಟಿ ಮೆರವಣಿಗೆ ಮಾಡಿದರು. ಮೆರವಣಿಗೆ ಮುಗಿದ ಮೇಲೆ ಖಾಶಾಬಾ ಮಾಡಿದ ಕೆಲಸ ನಮಗೆ ಪದಕಕ್ಕಿಂತ ದೊಡ್ಡದು ಅನ್ನಿಸಿತು. ಕುಸ್ತಿ ಏರ್ಪಡಿಸಿ, ತಾವೇ ಆಡಿ ಗೆದ್ದು, ಬಂದ ದುಡ್ಡಿನಲ್ಲಿ ಪ್ರಿನ್ಸಿಪಾಲರ ಮನೆ ಬಿಡಿಸಿಕೊಟ್ಟರು.

ಕಾದಂಬರಿ ಆಗಿದ್ದರೆ ಇಲ್ಲಿಗೆ ಶುಭಂ ಅಂತಿದ್ದರು. ಜೀವನ ಹಂಗಲ್ಲ. 1955ರಲ್ಲಿ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಆದರು. ಮತ್ತೊಂದು ಒಲಿಂಪಿಕ್ಸ್ ಕನಸು ಇತ್ತು, ಮೊಣಕಾಲಿನ ಗಾಯ ಅದನ್ನ ಮುರಿಯಿತು. ಆ ಗಾಯಕ್ಕೆ ಎರಡನೇ ಅವಕಾಶ ಸಿಗಲಿಲ್ಲ. ಆದರೂ ಇಲಾಖೆಯಲ್ಲಿ ಬೇರೆಯವರಿಗೆ ಆಟ ಕಲಿಸಿದರು, ಅಸಿಸ್ಟೆಂಟ್ ಕಮಿಷನರ್ ಆಗಿ ನಿವೃತ್ತರಾದರು, ಆಮೇಲೆ ಪೆನ್ಷನ್ನಿಗಾಗಿ ಅಲೆದಾಡಿದರು. 1984ರ ಆಗಸ್ಟ್ 14ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಅವರು ಹೋದ ಎಷ್ಟೋ ವರ್ಷದ ಮೇಲೆ. 2010ರಲ್ಲಿ ದಿಲ್ಲಿಯ ಕುಸ್ತಿ ಕ್ರೀಡಾಂಗಣಕ್ಕೆ ಅವರ ಹೆಸರಿಟ್ಟರು. ದೇಶ ತಡವಾಗಿ ನೆನೆಸಿತು, ನೋಡೋಕೆ ಅವರಿರಲಿಲ್ಲ.

ಈ ಕೊನೆ ಭಾಗ ಗೆಳೆಯನಿಗೆ ಹೇಳಬೇಕೋ ಬೇಡವೋ ಅಂತ ನಮ್ಮಲ್ಲೇ ಜಗಳ ಆಯಿತು. ಹೇಳಿದೆವು. ಅವನು ಸುಮಾರು ಹೊತ್ತು ಸುಮ್ಮನಿದ್ದ. ಮೊಣಕಾಲು ವಾಸಿ ಆಗದೆಯೂ ಮನುಷ್ಯ ಕುಸ್ತಿ ಜೊತೆ ಇರಬಹುದು ಅನ್ನೋದು ಅವನಿಗೆ ಹಿಡಿಸಿತು ಅಂತ ಕಾಣ್ತದೆ.

ಖಾಶಾಬಾ ಹುಟ್ಟಿದ ದಿನ ಸಂಕ್ರಾಂತಿಯ ಆಸುಪಾಸಿನಲ್ಲೇ ಬರ್ತದೆ. ಅದೇ ಹೊತ್ತಿಗೆ ನಮ್ಮ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ, ಜಾತ್ರೆಯಲ್ಲಿ ಜಂಗಿ ನಿಕಾಲಿ ಕುಸ್ತಿ. ಈ ಸಲ ನಾವೆಲ್ಲ ಹೋಗಿದ್ದೆವು. ಗೆಳೆಯ ಕಣಕ್ಕೆ ಇಳಿಯಲಿಲ್ಲ, ಡಾಕ್ಟರು ಇನ್ನೂ ಬೇಡ ಅಂದಿದ್ದಾರೆ. ಆದರೆ ತಮ್ಮೂರ ಗರಡಿಯ ಇಬ್ಬರು ಸಣ್ಣ ಹುಡುಗರನ್ನ ಕರೆತಂದಿದ್ದ. ಭಾನುವಾರ ಊರಿಗೆ ಹೋದಾಗ ಅವರಿಗೆ ಪಟ್ಟು ಹೇಳಿಕೊಡ್ತಾನಂತೆ. ಒಬ್ಬ ಹುಡುಗ ಸೋತು ಮೈತುಂಬ ಮಣ್ಣಾಗಿ ಅಳ್ತಾ ಬಂದ. ಗೆಳೆಯ ಅವನ ಬೆನ್ನ ಮೇಲಿನ ಮಣ್ಣು ಒರೆಸಿ, ಕಾಲು ಎಲ್ಲಿ ತಪ್ಪಿತು ಅಂತ ಅಲ್ಲೇ ನಿಂತು ತೋರಿಸಿಕೊಟ್ಟ.

ಉಳಿದ ಆ ಎರಡು ಸಬ್ಜೆಕ್ಟಿನ ಪರೀಕ್ಷೆ ಮುಂದಿನ ತಿಂಗಳು. ಫಾರ್ಮ್ ತುಂಬಿದ್ದಾನೆ. ನೋಟ್ಸ್ ನಾವು ಕೊಟ್ಟಿದ್ದೇವೆ.