ಗಾನಯೋಗಿ ಪಂಚಾಕ್ಷರಿ ಗವಾಯಿಗಳವರು (1892–1944)

ಪಂಚಾಕ್ಷರಿ ಗವಾಯಿಗಳವರು ಈಗಿನ ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದರು. ಮೊದಲ ಹೆಸರು ಗದಿಗೆಯ್ಯ. ಅಂಧರಾಗಿದ್ದ ಈ ಬಾಲಕನ ಕಂಠಸಿರಿಯನ್ನು ಗುರುತಿಸಿದ ಹಾನಗಲ್ಲಿನ ಶ್ರೀ ಕುಮಾರಸ್ವಾಮಿಗಳವರು ಆಶ್ರಯವಿತ್ತು ಸಂಗೀತ ಶಿಕ್ಷಣಕ್ಕೆ ವ್ಯವಸ್ಥೆ ಮಾಡಿದರು. ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನು ಅಭ್ಯಸಿಸಿ, ತರುವಾಯ ಹಿಂದೂಸ್ತಾನಿ ಪದ್ಧತಿಯಲ್ಲಿಯೂ ಪರಿಣತಿ ಪಡೆದರು.

ಅನ್ಯರ ಆಶ್ರಯದಲ್ಲಿ ಕಲಿತ ಇವರು ಅಂಧ ಹಾಗೂ ಬಡ ಮಕ್ಕಳನ್ನು ತಮ್ಮ ಬಳಿ ಇರಿಸಿಕೊಂಡು ಉಚಿತವಾಗಿ ಸಂಗೀತ ಕಲಿಸತೊಡಗಿದರು. ಆಗ ಸ್ವಂತ ಕಟ್ಟಡವಿರಲಿಲ್ಲ. ಸಂಚಾರಿ ಪಾಠಶಾಲೆಯಾದ್ದರಿಂದ ಗುರುಶಿಷ್ಯರು ಊರಿಂದೂರಿಗೆ ತೆರಳುತ್ತಿದ್ದು, ತಂಗಿದ ಸ್ಥಳವೇ ವಿದ್ಯಾರ್ಥಿನಿಲಯವಾಗುತ್ತಿತ್ತು. ಊಟ, ವಸತಿ, ಪಾಠ ಯಾವುದಕ್ಕೂ ಶುಲ್ಕವಿಲ್ಲ. ನಿಶ್ಚಿತ ಆದಾಯವೂ ಇಲ್ಲ. ಲೆಕ್ಕಪತ್ರದ ದೃಷ್ಟಿಯಿಂದ ನೋಡಿದಲ್ಲಿ ಇಂತಹ ವಸತಿಶಾಲೆಯು ಒಂದು ತಿಂಗಳೂ ನಡೆಯುವಂತಿರಲಿಲ್ಲ. ಭಕ್ತರು ನೀಡಿದ ಧಾನ್ಯ ಮತ್ತು ಕಾಣಿಕೆಯಿಂದ ಅಡುಗೆಮನೆ ಸಾಗುತ್ತಿತ್ತು. ಅದೂ ಸಾಲದಾದಾಗ ನಾಟಕ ಕಂಪನಿಯನ್ನು ಕಟ್ಟಿ, ಪ್ರದರ್ಶನಗಳ ಆದಾಯವನ್ನು ಶಿಷ್ಯರ ಪೋಷಣೆಗೆ ವಿನಿಯೋಗಿಸಿದರು. ಕಲಿತ ವಿದ್ಯೆಯೇ ಕಲಿಯುವವರ ಅನ್ನಕ್ಕೂ ದಾರಿಯಾಯಿತು.

ಕಾಲಾನಂತರ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವು ನೆಲೆಗೊಂಡಿತು. ಅಲ್ಲಿ ಪಾಠಕ್ಕೆ ಬೇರೆ, ವಾಸಕ್ಕೆ ಬೇರೆ ಎಂಬ ಭೇದವಿರಲಿಲ್ಲ. ದೃಷ್ಟಿಯಿಲ್ಲದ ಮಕ್ಕಳು ಬರಹದ ನೆರವಿಲ್ಲದೆ ಕೇಳಿಯೇ ಕಲಿಯಬೇಕಾಗಿದ್ದು, ಗುರುವಿನ ಸನಿಹದ ವಾಸವು ಅವರಿಗೆ ಪಠ್ಯಪುಸ್ತಕಕ್ಕೆ ಸಮಾನವಾಗಿತ್ತು. ಹಿಂದೂಸ್ತಾನಿ ಗಾಯಕರಾದ ಪಂಡಿತ ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮೊದಲಾದವರು ಇವರ ಶಿಷ್ಯರು.

ಗವಾಯಿಗಳವರು 1944ರಲ್ಲಿ ಲಿಂಗೈಕ್ಯರಾದರು. ಬಾಲ್ಯದಲ್ಲಿಯೇ ಶಿಷ್ಯರಾಗಿ ಬಂದಿದ್ದ, ಸ್ವತಃ ಅಂಧರಾದ ಪುಟ್ಟರಾಜ ಗವಾಯಿಗಳವರು ಆಶ್ರಮದ ಹೊಣೆ ಹೊತ್ತು, 2010ರಲ್ಲಿ ತಾವು ನಿಧನರಾಗುವವರೆಗೂ ಮಕ್ಕಳ ಅನ್ನ ಮತ್ತು ಪಾಠವನ್ನು ನಡೆಸಿಕೊಂಡು ಬಂದರು.