ಸೋತು ಗೆದ್ದ ವಿಜ್ಞಾನಿ

ನಮ್ಮೂರು ಹಾಗಲವಾಡಿ. ಪಾಳೆಯಗಾರರ ಕಥೆಗಳನ್ನು ಕೇಳುತ್ತ ಬೆಳೆದವನು ನಾನು, ಓದುತ್ತಿರುವುದೂ ಇತಿಹಾಸವನ್ನೇ. ಇಂಥವನಿಗೆ ವಿಜ್ಞಾನದ ಗೊಡವೆ ಏಕೆಂದು ಗೆಳೆಯರು ನಕ್ಕಾರು. ಆದರೆ ನಾನಿಲ್ಲಿ ಬರೆಯಹೊರಟಿರುವ ಮಹನೀಯರೂ ಮೊದಲು ಭಾಷೆಯ ವಿದ್ಯಾರ್ಥಿಯೇ. ಗ್ರೀಕ್ ಅವರ ಅಚ್ಚುಮೆಚ್ಚಿನ ವಿಷಯವಾಗಿತ್ತು.

ರಾಬರ್ಟ್ ಮಿಲಿಕನ್ ಅವರು 1868ನೆಯ ಮಾರ್ಚ್ 22ರಂದು ಅಮೆರಿಕದ ಮಾರಿಸನ್ ಎಂಬಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. ಓಬರ್ಲಿನ್ ಕಾಲೇಜಿನಲ್ಲಿ ಓದುತ್ತಿದ್ದಾಗ, 1889ರಲ್ಲಿ, ಅವರ ಗ್ರೀಕ್ ಅಧ್ಯಾಪಕರು ಕೆಳ ತರಗತಿಗಳಿಗೆ ಭೌತಶಾಸ್ತ್ರ ಕಲಿಸುವಂತೆ ಹೇಳಿದರು. ತಮಗೆ ಆ ಶಾಸ್ತ್ರ ಬಾರದೆಂದರೂ ಗುರುಗಳು ಬಿಡಲಿಲ್ಲ. ಬೇಸಿಗೆಯ ರಜೆಯೆಲ್ಲ ಪುಸ್ತಕ ಹಿಡಿದು ಕುಳಿತು, ತಾವು ಕಲಿತು ಇತರರಿಗೆ ಕಲಿಸಿದರು. ಅದೇ ಅವರ ಬಾಳಿನ ದಾರಿಯಾಯಿತು. 1895ರಲ್ಲಿ ಕೊಲಂಬಿಯಾದಲ್ಲಿ ಡಾಕ್ಟರೇಟ್ ಪಡೆದು, ಮರುವರ್ಷ ಷಿಕಾಗೋ ವಿಶ್ವವಿದ್ಯಾನಿಲಯವನ್ನು ಸೇರಿದರು.

ಆಗ ವಿಜ್ಞಾನಿಗಳನ್ನು ಒಂದು ಒಗಟು ಕಾಡುತ್ತಿತ್ತು. ಲೋಹದ ಮೇಲೆ ಬೆಳಕು ಬಿದ್ದರೆ ಎಲೆಕ್ಟ್ರಾನುಗಳು ಹೊರಬೀಳುತ್ತವೆ. ಇದರ ಮೊದಲ ಸುಳಿವನ್ನು 1887ರಲ್ಲಿ ಹರ್ಟ್ಸ್ ಕಂಡಿದ್ದರು. ಬೆಳಕು ಅಲೆಯಾದರೆ, ಅದು ಹೆಚ್ಚಿದಷ್ಟೂ ಎಲೆಕ್ಟ್ರಾನಿನ ವೇಗವೂ ಹೆಚ್ಚಬೇಕು. ಹಾಗಾಗುವುದಿಲ್ಲ, ಹೊರಬೀಳುವ ಎಲೆಕ್ಟ್ರಾನುಗಳ ಸಂಖ್ಯೆ ಮಾತ್ರ ಹೆಚ್ಚುತ್ತದೆ. ವೇಗವನ್ನು ನಿರ್ಣಯಿಸುವುದು ಬೆಳಕಿನ ಬಣ್ಣ. 1905ರಲ್ಲಿ ಐನ್‌ಸ್ಟೈನರು ಬೆಳಕು ಶಕ್ತಿಯ ಕಣಗಳಾಗಿ ಬರುತ್ತದೆಂದು ಸೂಚಿಸಿದರು.

ನಮ್ಮ ತೋಟದಲ್ಲಿ ಇದಕ್ಕೊಂದು ಹೋಲಿಕೆಯುಂಟು. ಸಾವಿರ ಹರಳು ಎಸೆದರೂ ತೆಂಗಿನಕಾಯಿ ಉದುರದು. ಕೊಕ್ಕೆಯ ದೋಟಿಯಿಂದ ಬಲವಾಗಿ ಒಂದು ಸಲ ಎಳೆದರೆ ಉದುರುತ್ತದೆ. ಕೆಂಪು ಬೆಳಕು ಹರಳಿನಂತೆ, ನೇರಳಾತೀತ ಬೆಳಕು ದೋಟಿಯಂತೆ. ಬಿಡಿಸಲು ವೆಚ್ಚವಾಗಿ ಉಳಿದ ಶಕ್ತಿಯೇ ಎಲೆಕ್ಟ್ರಾನಿನ ವೇಗವಾಗುತ್ತದೆ.

ಮಿಲಿಕನ್ನರಿಗೆ ಈ ವಾದ ಹಿಡಿಸಲಿಲ್ಲ. ಇದು ತಪ್ಪೆಂದೇ ನಂಬಿ, ಸುಮಾರು ಹತ್ತು ವರ್ಷ ಪ್ರಯೋಗ ನಡೆಸಿದರು. ಸೋಡಿಯಮ್‌ನಂಥ ಲೋಹ ಗಾಳಿ ತಾಗಿದೊಡನೆ ಮಾಸುತ್ತದೆ. ಆದ್ದರಿಂದ ಗಾಳಿ ತೆಗೆದ ಗಾಜಿನ ಬುರುಡೆಯೊಳಗೇ ತಿರುಗುವ ಚಾಕುವನ್ನಿಟ್ಟು, ಹೊರಗಿನಿಂದ ವಿದ್ಯುತ್ಕಾಂತದ ಬಲದಿಂದ ಅದನ್ನು ನಡೆಸಿ, ಲೋಹದ ಮೈಯನ್ನು ಹೆರೆದು ಹೊಸದು ಮಾಡುತ್ತಿದ್ದರು. 1916ರಲ್ಲಿ ಫಲಿತಾಂಶ ಪ್ರಕಟವಾಯಿತು. ಐನ್‌ಸ್ಟೈನರ ಸಮೀಕರಣ ಅಕ್ಷರಶಃ ಸರಿಯಾಗಿತ್ತು! ಅದರಿಂದ ದೊರೆತ ಪ್ಲಾಂಕರ ಸ್ಥಿರಾಂಕಕ್ಕೂ ಇಂದಿನ ಬೆಲೆಗೂ ನೂರಕ್ಕೆ ಒಂದರಷ್ಟೂ ಅಂತರವಿಲ್ಲ. ಬೆಳಕಿನ ಕಣವನ್ನು ಆಗಲೂ ಅವರ ಮನಸ್ಸು ಒಪ್ಪಲಿಲ್ಲ. ಆದರೆ ಅಳತೆಯನ್ನು ಮರೆಮಾಚಲಿಲ್ಲ. ಈ ಕಾರ್ಯಕ್ಕೂ, ಎಣ್ಣೆಯ ಹನಿಗಳಿಂದ ಎಲೆಕ್ಟ್ರಾನಿನ ವಿದ್ಯುದಂಶವನ್ನು ಅಳೆದುದಕ್ಕೂ 1923ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು.

ಅವರು ನಮ್ಮ ನಾಡಿಗೂ ಬಂದಿದ್ದರೆಂಬುದು ಸಂತೋಷದ ಸಂಗತಿ. 1939–40ರ ಚಳಿಗಾಲದಲ್ಲಿ ನೆಹರ್, ಪಿಕರಿಂಗ್ ಎಂಬ ಜೊತೆಗಾರರೊಡನೆ ಭಾರತದಲ್ಲಿ ಸಂಚರಿಸಿದರು. ವಿಶ್ವಕಿರಣಗಳನ್ನು ಅಳೆಯಲು ಬೆಂಗಳೂರಿನಿಂದಲೂ ಬೆಲೂನುಗಳನ್ನು ಹಾರಿಸಿದರು. ಭೂಮಿಯ ಕಾಂತ ಸಮಭಾಜಕಕ್ಕೆ ನಮ್ಮ ಸೀಮೆ ಹತ್ತಿರವಿರುವುದೇ ಇದಕ್ಕೆ ಕಾರಣ.

ಮಹಾಪುರುಷರ ಕಲೆಗಳನ್ನೂ ಮರೆಯಬಾರದು. ಅಯೋಗ್ಯರೆಂದು ಕೆಲವರನ್ನು ಗುರುತಿಸಿ ಅವರಿಗೆ ಸಂತಾನವಿಲ್ಲದಂತೆ ಮಾಡಬೇಕೆನ್ನುತ್ತಿದ್ದ ಸಂಸ್ಥೆಯೊಂದಕ್ಕೆ ಅವರು ಧರ್ಮದರ್ಶಿಯಾಗಿದ್ದರು. ಇದೇ ಕಾರಣಕ್ಕೆ, ಅವರೇ ಬೆಳೆಸಿದ ಕ್ಯಾಲ್‌ಟೆಕ್ ವಿದ್ಯಾಸಂಸ್ಥೆ 2021ರಲ್ಲಿ ತನ್ನ ಕಟ್ಟಡದಿಂದ ಅವರ ಹೆಸರನ್ನು ತೆಗೆಯಲು ತೀರ್ಮಾನಿಸಿತು. ಲೋಹದ ವಿಷಯದಲ್ಲಿ ತಮ್ಮ ನಂಬಿಕೆಯನ್ನು ಒರೆಗೆ ಹಚ್ಚಿದವರು ಮನುಷ್ಯರ ವಿಷಯದಲ್ಲಿ ಹಚ್ಚಲಿಲ್ಲ.

1953ನೆಯ ಡಿಸೆಂಬರ್ 19ರಂದು ಅವರು ತೀರಿಕೊಂಡರು. ನಮಗೆ ಬೇಡವಾದ ಸತ್ಯ ನಮ್ಮ ಕೈಯಿಂದಲೇ ಹೊರಬಂದಾಗ ಅದನ್ನು ಹಾಗೆಯೇ ಬರೆದಿಡುವ ಧೈರ್ಯ, ಇತಿಹಾಸ ಓದುವ ನನಗೂ ಬೇಕಾದದ್ದೇ. ಅವರ ಗೆಲುವಿನಿಂದಲೂ ಸೋಲಿನಿಂದಲೂ ನಾನು ಕಲಿತ ಪಾಠ ಇದು.