ಫಾರ್ಮಿನಲ್ಲಿ ಹೆಸರು ಕೆಟ್ಟರೆ ಅದು ವೈರಸ್ಸೇ? ಎಮಿಲ್ ಬೋದೊ ಕಥೆ ಓದಿ

ಆನ್‌ಲೈನ್ ಫಾರ್ಮಿನಲ್ಲಿ ಕನ್ನಡದಲ್ಲಿ ಹೆಸರು ತುಂಬಿ ಸಬ್ಮಿಟ್ ಒತ್ತುತ್ತೀರಿ. ನೋಡಿದರೆ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲು! ಫೋನಿಗೆ ವೈರಸ್ ಬಂದಿದೆ ಎಂದು ಗಾಬರಿಯಾಗುವವರಿದ್ದಾರೆ. ಇದು ವೈರಸ್ಸಿನ ಕೆಲಸವಲ್ಲ. ಇದರ ಬೇರು ಹುಡುಕುತ್ತಾ ಹೋದರೆ ನಾವು ಒಬ್ಬ ಫ್ರೆಂಚ್ ರೈತನ ಮಗನ ಬಳಿ ಹೋಗಿ ನಿಲ್ಲುತ್ತೇವೆ.

ಎಮಿಲ್ ಬೋದೊ ಹುಟ್ಟಿದ್ದು 1845ರಲ್ಲಿ. ಓದಿದ್ದು ಊರಿನ ಪ್ರಾಥಮಿಕ ಶಾಲೆಯಲ್ಲಷ್ಟೇ, ಆಮೇಲೆ ಅಪ್ಪನ ಹೊಲದಲ್ಲಿ ದುಡಿಮೆ. 1869ರಲ್ಲಿ ಟೆಲಿಗ್ರಾಫ್ ಇಲಾಖೆ ಸೇರಿದರು. ಮೋರ್ಸ್ ಸಂಕೇತದಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಉದ್ದ. ಬೋದೊ ಎಲ್ಲಕ್ಕೂ ಒಂದೇ ಅಳತೆ ಕೊಟ್ಟರು. ಅವರ ಯಂತ್ರಕ್ಕೆ ಐದೇ ಕೀಲಿ: ಎರಡು ಎಡಗೈಗೆ, ಮೂರು ಬಲಗೈಗೆ. ಯಂತ್ರ ಟಿಕ್ ಎಂದ ಲಯಕ್ಕೆ ಸರಿಯಾಗಿ ಒತ್ತಬೇಕು, ಕಲಿಯುವುದು ಸುಲಭವಿರಲಿಲ್ಲ. ಆದರೆ ಒಂದೇ ತಂತಿಯಲ್ಲಿ ಹಲವರು ಸರದಿಯಂತೆ ಸಂದೇಶ ಕಳುಹಿಸಬಹುದಿತ್ತು. 1874ರಲ್ಲಿ ಪೇಟೆಂಟ್, 1878ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಚಿನ್ನದ ಪದಕ.

ಐದು ಕೀಲಿಯಿಂದ ಸಿಗುವುದು ಬರೀ 32 ಜೋಡಣೆ. ಅಂಕಿಗಳೂ ಅಕ್ಷರಗಳ ಮನೆಯಲ್ಲೇ ಬಾಡಿಗೆಗಿದ್ದವು. ಇಷ್ಟು ಇಕ್ಕಟ್ಟಿನಲ್ಲೂ ಬೋದೊ ಒಂದು ಫ್ರೆಂಚ್ ಅಕ್ಷರಕ್ಕೆ ಜಾಗ ಉಳಿಸಿದ್ದರು: ಇಂಗ್ಲಿಷಿನ ‘ಇ’ ತಲೆಯ ಮೇಲೆ ಓರೆಗೆರೆ ಎಳೆದಂಥದ್ದು. ಅವರ ‘ಎಮಿಲ್’ ಶುರುವಾಗುವುದೇ ಆ ಅಕ್ಷರದಿಂದ!

ಬೋದೊ 1903ರಲ್ಲಿ ತೀರಿಕೊಂಡರು. ನ್ಯೂಜಿಲೆಂಡಿನ ಡೊನಾಲ್ಡ್ ಮರ್ರೆ ಟೈಪ್‌ರೈಟರ್ ಕೀಲಿಮಣೆಗೆ ಹೊಂದುವಂತೆ ಈ ಸಂಕೇತವನ್ನು ಬದಲಿಸಿದ್ದರು. ಅದರಿಂದ ಬೆಳೆದ ಅಂತರರಾಷ್ಟ್ರೀಯ ಪಟ್ಟಿಯ ಅಕ್ಷರಗಳಲ್ಲಿ ಓರೆಗೆರೆಯದು ಇಲ್ಲ. 1926ರಲ್ಲಿ ಸಂಕೇತಗಳ ವೇಗದ ಅಳತೆಗೆ ಅವರ ನೆನಪಿನಲ್ಲಿ ‘ಬಾಡ್’ ಎಂದು ಹೆಸರಿಟ್ಟರು. ಗೌರವ ಸಿಕ್ಕಿತು, ಹೆಸರಿನ ಅಕ್ಷರ ಹೋಯಿತು. 1963ರ ಅಮೆರಿಕದ ಆಸ್ಕಿ ಪಟ್ಟಿಯಲ್ಲಿ 128 ಮನೆಗಳಿದ್ದರೂ ಅದಕ್ಕೆ ಜಾಗವಿರಲಿಲ್ಲ. ಕನ್ನಡದ ಮಾತಂತೂ ದೂರವೇ ಉಳಿಯಿತು.

ಈಗ ಯೂನಿಕೋಡಿನಲ್ಲಿ ಎರಡಕ್ಕೂ ಜಾಗವಿದೆ. ಯುಟಿಎಫ್-8 ವಿಧಾನದಲ್ಲಿ ಬೋದೊ ಅವರ ಆ ಅಕ್ಷರಕ್ಕೆ ಎರಡು ಬೈಟ್, ನಮ್ಮ ‘ಕ’ಕ್ಕೆ ಮೂರು. ಫಾರ್ಮು ಹೀಗೆ ಕಳುಹಿಸಿದ್ದನ್ನು ಸರ್ವರ್ ಒಂದು ಬೈಟಿಗೆ ಒಂದು ಅಕ್ಷರ ಎನ್ನುವ ಹಳೆಯ ಪಟ್ಟಿ ಹಿಡಿದು ಓದಿದರೆ, ‘ಕಮಲ’ ಎಂಬ ಹೆಸರು ಒಂಬತ್ತು ಚಿಹ್ನೆಗಳಾಗಿ ಒಡೆಯುತ್ತದೆ. ನೀವು ತಪ್ಪಾಗಿ ಟೈಪ್ ಮಾಡಿಲ್ಲ, ಫೋನನ್ನು ರೀಸೆಟ್ ಮಾಡಬೇಕಾಗಿಯೂ ಇಲ್ಲ. ಸ್ಕ್ರೀನ್‌ಶಾಟ್ ತೆಗೆದು ಆ ವೆಬ್‌ಸೈಟಿನವರಿಗೆ ಕಳುಹಿಸಿ. ಚಿಹ್ನೆಗಳ ಸಾಲು ಮಾತ್ರ ಕಾಣುತ್ತಿದ್ದರೆ ಹೆಸರನ್ನು ಬಹುತೇಕ ಮರಳಿ ಪಡೆಯಬಹುದು. ಉಳಿಸುವಾಗಲೇ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬದಲಾಗಿದ್ದರೆ ಮಾತ್ರ ಮತ್ತೆ ತುಂಬಲೇಬೇಕು.